ಹೊಸ ಕಂಬಳಿಯ ಗೀರು

ನನ್ನ ಗಂಡನ ಎಡಗೈಯಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ, ಅಂಗೈಯಗಲದ ಜಾಗ ಅವನು ಸಾಯುವ ತನಕ ನುಣ್ಣಗೇ ಇತ್ತು. ಅಲ್ಲಿ ಒಂದು ಕೂದಲೂ ಮತ್ತೆ ಹುಟ್ಟಲಿಲ್ಲ. ಕೇಳಿದವರಿಗೆಲ್ಲ ಬಿಸಿ ಎಣ್ಣೆ ಸಿಡಿದದ್ದು ಎನ್ನುತ್ತಿದ್ದ. ಎಣ್ಣೆಯಲ್ಲ. ನಾನು ಮಾಡಿದ್ದು, ಬೇಕೆಂದೇ ಮಾಡಿದ್ದು.

ಐವತ್ತರ ದಶಕದ ಮಾತು. ಅವನು ಚಾಮರಾಜನಗರದ ಒಬ್ಬ ಸಾಹುಕಾರರ ಕಾರಿಗೆ ಡ್ರೈವರ್. ಅವರ ಹಿತ್ತಲಲ್ಲಿ ಕಾರಿನ ಶೆಡ್ಡು, ಶೆಡ್ಡಿನ ಗೋಡೆಗೆ ಅಂಟಿಕೊಂಡು ಒಂದು ಕೋಣೆ. ಆ ಕೋಣೆಯಲ್ಲಿ ನಾವಿಬ್ಬರು, ಅತ್ತೆ, ಮತ್ತೆ ನನ್ನ ಐದು ತಿಂಗಳ ಹೆಣ್ಣು ಮಗು. ಅದು ಬಿಟ್ಟರೆ ತಲೆಯ ಮೇಲೆ ಸೂರಿರಲಿಲ್ಲ. ತವರೂರು ಹಂಗಳದಲ್ಲಿ ಅಪ್ಪ ಸತ್ತು ಅಣ್ಣಂದಿರು ಗೋಡೆ ಎತ್ತಿ ಮನೆಯನ್ನು ಮೂರು ಪಾಲು ಮಾಡಿದ್ದರು. ಬಾಣಂತನ ಮುಗಿಸಿ ಬರುವಾಗ ನಾನು ಅಲ್ಲಿಂದ ತಂದದ್ದು ಅಪ್ಪನ ಹಳೇ ಕಂಬಳಿ ಒಂದನ್ನೇ. ಅದರ ಮೇಲೇ ಹೆತ್ತಿದ್ದೆ.

ಕಾರು ಕಪ್ಪು ಬಣ್ಣದ್ದು. ಸಾಹುಕಾರರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನೇರ ಶೆಡ್ಡಿಗೆ ಬಂದು ಕಾರಿನ ಬಾಗಿಲ ಮುಂದೆ ಬಗ್ಗುತ್ತಿದ್ದರು. ಹಣೆಯ ವಿಭೂತಿಯ ಮೂರು ಗೆರೆ ಕಾರಿನ ಬಣ್ಣದೊಳಗೆ ಮೂರಾಗಿಯೇ ಕಾಣಬೇಕು. ಕಲಸಿಕೊಂಡು ಒಂದಾಗಿ ಕಂಡರೆ ಚಪ್ಪಲಿ ಕೈಗೆ ಬರುತ್ತಿತ್ತು. ಅವರು ಇವನಿಗೆ ಹೊಡೆದ ದಿನ ಇವನು ನನಗೆ ಹೊಡೆಯುತ್ತಿದ್ದ. ಅದು ಊಟ ತಿಂಡಿಯ ಹಾಗೆ ನಡೆದುಕೊಂಡು ಹೋಗುತ್ತಿತ್ತು.

ಸಾಹುಕಾರರ ಮಗಳ ಮದುವೆ ಗುಂಡ್ಲುಪೇಟೆಯಲ್ಲಿ ಗೊತ್ತಾಯಿತು. ಹೆಣ್ಣು ಆ ಕಾರಿನಲ್ಲೇ ಹೋಗಿ ಇಳಿಯಬೇಕು. ಅದಕ್ಕೆಂದೇ ಮೈಸೂರಿನಿಂದ ಪಾಲೀಷ್ ಮಿಷನ್ ತರಿಸಿದರು. ಎರಡು ಕೈಯಲ್ಲಿ ಹಿಡಿಯುವ ಕರೆಂಟ್ ಮಿಷನ್ನು, ಎತ್ತಿದರೆ ಆಡಿನ ಮರಿಯಷ್ಟು ಭಾರ. ಮೂತಿಯಲ್ಲಿ ತಟ್ಟೆಯಗಲದ ರಬ್ಬರ್ ಬಿಲ್ಲೆ, ಆ ಬಿಲ್ಲೆಗೆ ಉಣ್ಣೆಯ ಟೋಪಿ ಕಟ್ಟಬೇಕು. ಕಾರಿಗೆ ಪಾಲೀಷ್ ಹಚ್ಚಿ, ತಿರುಗುವ ಉಣ್ಣೆಯಿಂದ ಉಜ್ಜಬೇಕು.

"ಬೀಗರ ಮುಂದ ನನ್ ಮಾನ ಈ ಕಾರ್ ಮ್ಯಾಲ ಅದ ಕಣ್ಲಾ," ಎಂದರು ಸಾಹುಕಾರರು. "ಒಂದು ಗೀರು ಕಂಡ್ರ ನಿನ್ ಮಡಕೆ ಕುಡಿಕೆ ಬೀದಿಗ್ ಬೀಳ್ತವ."

"ಆಗ್ಲಿ ಬುದ್ದಿ," ಎಂದ ಇವನು.

ಕಾರಿನ ಮೇಲ್ಚಾವಣಿ ಒಂದು ಚೆನ್ನಾಗಿ ಬಂತು. ಅಷ್ಟರಲ್ಲಿ ಆ ಉಣ್ಣೆ ಟೋಪಿಯನ್ನು ಇಲಿ ಕಡಿದು ಹಾಕಿತು. ಎತ್ತಿಡಲಿಲ್ಲ ಎಂದು ಇವನು ನನ್ನ ಬೆನ್ನಿಗೆ ಒದ್ದ. ಮಗು ತೊಡೆಯ ಮೇಲಿತ್ತು, ಉರುಳಿತು. ಮದುವೆಗೆ ನಾಲ್ಕು ದಿನವಿತ್ತು.

"ನಮ್ಮಪ್ಪನ ಕಂಬಳಿ ಅದ. ಕತ್ತರ್ಸಿ ಟೋಪಿ ಒಲ್ಕೊಡ್ತೀನಿ," ಎಂದೆ.

ಅತ್ತೆ ಎಲೆಯಡಿಕೆ ಉಗಿದು ಎದ್ದು ಬಂದಳು. "ಹೆತ್ತ ಕಂಬಳಿಯಾ? ಮದ್ವೆ ಹೆಣ್ಣು ಕೂರೋ ಕಾರ್ಗಾ? ನಿನ್ ನಾಲ್ಗ ಸೇದೋಗ! ಓಗಿ ಹೊಸ್ದು ತತ್ತಾ ಮಗ."

ಇವನು ಸಂತೆಮರಹಳ್ಳಿ ಸಂತೆಗೆ ಹೋಗಿ ಹೊಸ ಕಂಬಳಿ ತಂದ. ಮುಟ್ಟಿ ನೋಡಿದೆ, ಹಲಗೆಯ ಹಾಗೆ ಸೆಟೆದಿತ್ತು. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಮಳೆ ನೀರು ಇಳಿಯದಿರಲಿ ಎಂದು. ಆರು ತಿಂಗಳು ಹೊದೆಯುವ ತನಕ ಅದು ಮೈಯನ್ನೇ ತರಚುತ್ತದೆ. ಕುರಿ ಕಾಡಂಚಿನಲ್ಲಿ ಮೇಯುವಾಗ ಅಂಟಿದ ಮುಳ್ಳಿನ ತುಣುಕೂ ನೂಲಿನಲ್ಲಿ ಉಳಿದಿರುತ್ತದೆ.

"ಇದ್ರಲ್ಲಿ ಗಂಜಿ ಅದ. ನಾಕು ಸಲ ಬಡ್ದು ಒಗ್ದು ಕಟ್ಟು," ಎಂದೆ.

"ನೀರ್ ಮುಟ್ಟಿದ್ಮೇಲ ಹೊಸ್ದು ಅಂತ ಯಾವನಂದನು?" ಎಂದಳು ಅತ್ತೆ.

"ಹೆಂಗಸ್ರ ಮಾತ್ ಕೇಳಿ ಮಿಷನ್ ನಡ್ಸನಾ?" ಎಂದು ಇವನು ನಕ್ಕ. ಒಗೆಯದೆಯೇ ಕಟ್ಟಿದ. ಗಟ್ಟಿಯಾಗಿ ಒತ್ತಿ ಒತ್ತಿ ಎರಡು ದಿನ ಉಜ್ಜಿದ. ಶೆಡ್ಡಿನ ಕತ್ತಲಲ್ಲಿ ಕಾರು ಎಣ್ಣೆ ಸವರಿದ ಎಮ್ಮೆಯ ಹಾಗೆ ಹೊಳೆಯಿತು.

ಮದುವೆಗೆ ಹೊರಡುವ ಹಿಂದಿನ ದಿನ ಸಾಹುಕಾರರು ಅದನ್ನು ಬಿಸಿಲಿಗೆ ತಳ್ಳಿಸಿದರು. ಬಿಸಿಲು ಬಿದ್ದದ್ದೇ ತಡ, ಬಾನೆಟ್ಟು ಬಾಗಿಲು ಎಲ್ಲದರ ಮೇಲೂ ಸುತ್ತು ಸುತ್ತು ಗೀರು ಎದ್ದಿತು. ಸಾವಿರ ಜೇಡ ಕೂತು ಬಲೆ ಕಟ್ಟಿದ ಹಾಗೆ. ಸಾಹುಕಾರರು ಬಗ್ಗಿದರು. ಹಣೆಯ ಮೂರು ಗೆರೆ ಒಂದೇ ಬೂದಿ ಮುದ್ದೆಯಾಗಿ ಕಂಡಿತು.

ಚಪ್ಪಲಿ ಸಾಲಲಿಲ್ಲ, ಬೆತ್ತ ತಂದರು. ಇವನು ತಲೆಗೆ ಕೈ ಅಡ್ಡ ಇಟ್ಟ, ಅವರು ಆ ಕೈಗೇ ಹೊಡೆದರು. ಬೆರಳಿನ ಗೆಣ್ಣು ಗೆಣ್ಣಿಗೆ ಹೊಡೆದರು. ಮದುವೆಗೆ ಬಂದಿದ್ದ ನೆಂಟರು ಜಗಲಿಯಲ್ಲಿ ನಿಂತು ನೋಡಿದರು.

"ನಾಳ ಮದ್ಯಾನ ಕಾರ್ ಹೊರಡ್ತದ," ಎಂದರು ಏದುಸಿರಿನಲ್ಲಿ. "ಅಷ್ಟರೊಳಗ ಸರಿ ಆಗ್ನಿಲ್ಲ ಅಂದ್ರ, ನೀನೂ ನಿನ್ ಹಟ್ಟಿಯವ್ಳೂ ಗಂಟು ಕಟ್ಟಿ. ಬಾಡ್ಗೆ ಕಾರ್ ತರುಸ್ಕತೀನಿ."

ಇವನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. "ಗಂಜಿ ಗಂಜಿ ಅಂತ ಬಾಯಿ ಇಕ್ಕುದ್ಯಲ್ಲ, ಅದ್ಕೇ ಆಯ್ತು," ಎಂದು ನನ್ನ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಮುಖ ಗುದ್ದಿದ. ಮುಂದಿನ ಒಂದು ಹಲ್ಲು ಹೋಯಿತು. ಅತ್ತೆ ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಬೆಳಿಗ್ಗೆ ಅವನ ಬಲಗೈ ಬೆರಳು ಬದನೆಕಾಯಿಯಾಗಿದ್ದವು. ಮಿಷನ್ ಎತ್ತಲು ಹೋಗಿ ಕೈಬಿಟ್ಟ. ಕೈಗೆ ಸೊಪ್ಪಿನ ಪಟ್ಟು ಹಾಕಿಸಿಕೊಂಡು ಬರುತ್ತೇನೆಂದು ಹೋದ. ನಾನು ಅಪ್ಪನ ಕಂಬಳಿಯನ್ನು ತೆಗೆದೆ. ಇಪ್ಪತ್ತು ವರ್ಷ ಹೊದ್ದು, ಒಗೆದು, ಸವೆದು, ಮಗುವಿನ ಅಂಡಿನಷ್ಟು ಮೆತ್ತಗಿತ್ತು. ಅರ್ಧ ಕತ್ತರಿಸಿ ನಾಲ್ಕು ಟೋಪಿ ಹೊಲಿದೆ. ಸೆರಗು ಬಿಗಿದು ಸಿಕ್ಕಿಸಿ ಮಿಷನ್ ಹಿಡಿದೆ.

ಗುಂಡಿ ಒತ್ತಿದ ತಕ್ಷಣ ಅದು ಹೋರಿಯ ಹಾಗೆ ಎಗರಿ ಹೊಟ್ಟೆಗೆ ಗುದ್ದಿತು. ಎರಡನೇ ಸಲ ಮೊಣಕಾಲಿಗೆ. ಮೂರನೇ ಸಲಕ್ಕೆ ಬುದ್ಧಿ ಬಂತು. ಒತ್ತಬಾರದು. ಅದರ ಭಾರ ಅದಕ್ಕೇ ಸಾಕು. ಬಿಲ್ಲೆ ವಾಲಬಾರದು, ಒಂದೇ ಕಡೆ ನಿಲ್ಲಬಾರದು, ನಿಂತರೆ ಬಣ್ಣ ಸುಡುತ್ತದೆ. ಅಂಚಿನ ಹತ್ತಿರ ಕೈ ಹಗುರ ಮಾಡಬೇಕು. ಟೋಪಿ ಪಾಲೀಷ್ ಕುಡಿದು ಗಟ್ಟಿಯಾದರೆ ಬದಲಾಯಿಸಬೇಕು. ರೊಟ್ಟಿ ತಟ್ಟುವವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲು ನಾಲ್ಕೂ ಆದವು. ಗೀರು ಒಂದೊಂದೇ ಅಳಿಸಿ ಹೋದವು. ಬಾಯಿಂದ ರಕ್ತ ಬರುತ್ತಿತ್ತು, ಉಗಿದುಕೊಂಡು ಉಜ್ಜಿದೆ.

ಬಾನೆಟ್ಟಿಗೆ ಬಂದಾಗ ಇವನು ಬಂದ. ಬಿಲ್ಲೆಯ ಮೇಲಿನ ಕಂಬಳಿಯ ಗುರುತು ಹಿಡಿದ.

"ಆ ಮೈಲ್ಗೆದಾ ಕಟ್ಟಿರದು? ಬುಡು! ಕೊಂದ್ಬುಡ್ತೀನಿ!" ಎಂದು ಎಡಗೈಯಲ್ಲಿ ನನ್ನ ಜುಟ್ಟಿಗೆ ಕೈ ಹಾಕಿದ.

"ಮದ್ಯಾನ್ಕ ಮುಗೀನಿಲ್ಲ ಅಂದ್ರ ಕೂಸ್ನ ಎಲ್ ಮಲಗ್ಸನಾ?" ಎಂದೆ.

ಅವನು ಜುಟ್ಟು ಎಳೆದ. ನಾನು ಮಿಷನ್ ನಿಲ್ಲಿಸಲಿಲ್ಲ. ತಿರುಗುತ್ತಿದ್ದ ಬಿಲ್ಲೆಯನ್ನು ಎತ್ತಿ ಆ ಕೈಯ ಮೇಲೆ ಇಟ್ಟೆ. ಕಾರಿಗೆ ಒತ್ತಬಾರದು ಎಂದು ಕಲಿತಿದ್ದೆ, ಅಲ್ಲಿ ಒತ್ತಿದೆ. ಒಂದೇ ಕಡೆ ನಿಲ್ಲಿಸಿದೆ. ಚರ್ಮ ಸುಟ್ಟ ವಾಸನೆ ಬಂತು. ರಕ್ತ ಗೋಡೆಗೂ ಬಾನೆಟ್ಟಿಗೂ ಚಿಮ್ಮಿತು. ಅವನು ಕೂಗಿದ್ದು ಮದುವೆಗೆ ಹೊರಡುವ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅತ್ತೆ ಮಾತ್ರ ಓಡಿ ಬಂದಳು.

"ಅಯ್ಯಯ್ಯೋ, ನನ್ ಮಗನ್ ಕೊಂದ್ಬುಟ್ಯಲ್ಲೇ ಮಾರಿ!"

"ಸಾಯಕಿಲ್ಲ. ಹಳೇ ಸೀರೆ ಸುತ್ತು," ಎಂದೆ. "ಕಂಬಳಿ ಇಸ್ಯ ಬಾಯಿ ಬುಟ್ರ ಈವತ್ತೇ ನಾಕೂ ಜನ ಬೀದಿಲಿ ಇರ್ತೀವಿ."

ಬಾನೆಟ್ಟಿನ ರಕ್ತವನ್ನು ಸೆರಗಿನಿಂದ ಒರೆಸಿ, ಕೊನೆಯ ಟೋಪಿ ಕಟ್ಟಿ ಮುಗಿಸಿದೆ.

ಸಾಹುಕಾರರು ಬಂದಾಗ ನಾನು ಕೋಣೆಯ ಬಾಗಿಲ ಹಿಂದಿದ್ದೆ. ಕಾರನ್ನು ಬಿಸಿಲಿಗೆ ತಳ್ಳಿಸಿ, ಸುತ್ತ ನಡೆದು, ಬಗ್ಗಿದರು. ಬಹಳ ಹೊತ್ತು ಬಗ್ಗಿದ್ದರು. ಬಾಗಿಲ ಸಂದಿಯಿಂದ ನನಗೂ ಕಾಣುತ್ತಿತ್ತು. ಮೂರು ಗೆರೆ, ಒಂದಕ್ಕೊಂದು ತಾಕದ ಹಾಗೆ.

"ಏಟು ಬಿದ್ರೇ ಕೆಲ್ಸ ನೋಡ್ಲಾ ನಿಂಗ," ಎಂದು ನಕ್ಕರು. ಆಮೇಲೆ ಅವನ ತೋಳಿನ ಬಟ್ಟೆ ನೋಡಿದರು. "ಅದೇನ್ಲಾ ಕೈಗ?"

ಇವನು ಅತ್ತೆಯನ್ನು ನೋಡಿದ. ಅತ್ತೆ ನೆಲ ನೋಡಿದಳು.

"ಬಿಸಿ ಎಣ್ಣೆ ಸಿಡೀತು ಬುದ್ದಿ."

ಊದಿದ ಒಂದು ಕೈ, ಸುಲಿದ ಒಂದು ಕೈ ಇಟ್ಟುಕೊಂಡು ಗುಂಡ್ಲುಪೇಟೆ ತನಕ ಹೆಂಗೆ ಓಡಿಸಿದನೋ ನಾನು ಕೇಳಲಿಲ್ಲ. ಕಾರು ಹೋದ ಮೇಲೆ ಶೆಡ್ಡಿನ ಗೋಡೆ ತೊಳೆದೆ. ಉಳಿದ ಅರ್ಧ ಕಂಬಳಿ ಹಾಸಿ ಮಗುವನ್ನು ಮಲಗಿಸಿದೆ.

ಕೋಣೆ ಉಳಿಯಿತು. ಆಮೇಲೂ ಅವನು ಹೊಡೆದ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಶೆಡ್ಡಿನೊಳಗೆ, ಆ ಮಿಷನ್ ಇಟ್ಟ ಗೂಡಿನ ಹತ್ತಿರ, ಒಂದು ಸಲವೂ ಕೈ ಎತ್ತಲಿಲ್ಲ. ಅದಕ್ಕೇ ನಾನು ಅಕ್ಕಿ ಆರಿಸುವುದು, ಮಗುವಿಗೆ ಹಾಲು ಕೊಡುವುದು, ತಲೆ ಬಾಚುವುದು, ಎಲ್ಲವನ್ನೂ ಶೆಡ್ಡಿನಲ್ಲೇ ಇಟ್ಟುಕೊಂಡೆ.