ಎರಡು ಗೂಡುಗಳ ನಡುವೆ ಇಲಿಯಕ್ಕ

ಬೆಳಕು ಇನ್ನೂ ಹರಿಯುತ್ತಿದೆ. ಗಾಜಿನಾಚೆ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಹೆಂಗಸೊಬ್ಬರು ಗೂಡುಗಳ ಸಾಲಿನಲ್ಲಿ ನಿದ್ದೆಯಲ್ಲಿ ನಡೆಯುವವರಂತೆ ಸಾಗುತ್ತಾರೆ. ಗೂಡಿನೊಳಗೆ ರಟ್ಟಿನ ಕೊಳವೆ ಇಟ್ಟು ಕಾಯುತ್ತಾರೆ. ಬಿಳಿ ಇಲಿ ಮೂಸಿ, ತಾನಾಗಿಯೇ ಒಳಗೆ ನಡೆಯುತ್ತದೆ. ಕೊಳವೆ ಸಮೇತ ಎತ್ತಿ ಹೊಸ ಹೊಟ್ಟು ಹಾಸಿದ ಗೂಡಿಗೆ ಇಳಿಸುತ್ತಾರೆ.

"ಬಾಲ ಹಿಡಿದು ಎತ್ತಿದ್ರೆ ಹೆದರ್ತವೆ. ನಿಮ್ಮನ್ನ ಜುಟ್ಟು ಹಿಡಿದು ಎಬ್ಬಿಸಿದ್ರೆ ಸುಮ್ನಿರ್ತೀರಾ?" ಅವರ ಮಾತು ಗೋಡೆಯ ಸ್ಪೀಕರಿನಿಂದ ತೇಲಿ ಬರುತ್ತದೆ.

ಪ್ರಯೋಗಾಲಯಕ್ಕೆಲ್ಲ ಇವರು ಇಲಿಯಕ್ಕ. ಈ ಇಲಿಗಳಿಗೆ ರೋಗ ತಡೆಯುವ ಶಕ್ತಿ ಹುಟ್ಟಿನಿಂದಲೇ ಇಲ್ಲ. ಮನುಷ್ಯರ ರಕ್ತದ ಕಣ ಕೊಟ್ಟರೂ ಇವುಗಳ ಮೈ ಬೇಡ ಅನ್ನುವುದಿಲ್ಲ. ಒಂದು ಸೀನಿಗೂ ಸತ್ತಾವು. ಹೊಟ್ಟು, ನೀರು ಎಲ್ಲ ಹಬೆಯಲ್ಲಿ ಬೆಂದೇ ಒಳಗೆ ಬರಬೇಕು. ನಾಳೆ ಪೇಪರಿನಲ್ಲಿ ಕೋಟು ಹಾಕಿದವರ ಫೋಟೊ ಬರುತ್ತದೆ, ಹೊಟ್ಟು ಬದಲಿಸಿದವರದು ಬರುವುದಿಲ್ಲ. ಇದನ್ನೆಲ್ಲ ಬರೆಯಲು ಬಂದ ನನಗೆ ಮೈ ಉರಿಯುತ್ತದೆ. ಇಲಿಯಕ್ಕ ನಗುತ್ತಾರೆ: "ನನ್ನ ಫೋಟೊ ತೆಗೆದ್ರೂ ಈ ಮುಸುಕಲ್ಲಿ ಕಣ್ಣೊಂದು ಬಿಟ್ಟು ಇನ್ನೇನು ಕಾಣ್ಸುತ್ತೆ?"

ಈ ವಾರ ಆ ಕಣ್ಣುಗಳಲ್ಲಿ ನಿದ್ದೆಯಿಲ್ಲ. ಅವರ ತಂಗಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಒಂದು ಮಾತ್ರೆ ಅದನ್ನು ವರ್ಷಗಟ್ಟಲೆ ಕಟ್ಟಿಹಾಕಿತ್ತು. ಈಚೆಗೆ ಸೋಂಕಿಗೆಂದು ಇನ್ನೊಂದು ಮಾತ್ರೆ ನುಂಗಿದಳು. ಕಾಲಿನ ತುಂಬ ನೇರಳೆ ಚುಕ್ಕೆ, ವಸಡಿನಲ್ಲಿ ರಕ್ತ. ಎರಡರಲ್ಲಿ ಯಾವುದೋ ಒಂದು ಮಾತ್ರೆ ಸೇರಿದರೆ ಅವಳ ಮೈಯೇ ತನ್ನ ಪ್ಲೇಟ್‌ಲೆಟ್‌ಗಳನ್ನು, ಅಂದರೆ ರಕ್ತ ಕಟ್ಟುವ ಕಣಗಳನ್ನು, ವೈರಿಯೆಂದು ಮುಗಿಸಿಬಿಡುತ್ತದೆ. ಯಾವುದೆಂದು ತಿಳಿಯದೆ ಡಾಕ್ಟರು ಎರಡನ್ನೂ ನಿಲ್ಲಿಸಿದರು. ಚುಕ್ಕೆ ಹೋಯಿತು, ಮೂರ್ಛೆ ಮರಳಿತು. ಬೇರೆ ಮಾತ್ರೆಗೆ ಅದು ಬಗ್ಗಲಿಲ್ಲ. ಈಗ ಅವಳು ಬಚ್ಚಲಿಗೆ ಹೋದರೆ ಚಿಲಕ ಹಾಕುವಂತಿಲ್ಲ. ಬಾಗಿಲ ಹೊರಗೆ ಅಕ್ಕ ಸ್ಟೂಲು ಹಾಕಿ ಕೂರುತ್ತಾರೆ.

"ನಿನ್ನ ಇಲಿಗಳಿಗಾದ್ರೂ ಮುಚ್ಚಳ ಇದೆ ಕಣೇ ಅಕ್ಕ, ನಂಗೆ ಅದೂ ಇಲ್ಲ" ಎಂದು ತಂಗಿ ಒಳಗಿನಿಂದ ಚುಚ್ಚುತ್ತಾಳೆ.

ತಪ್ಪು ಯಾವ ಮಾತ್ರೆಯದೆಂದು ತಿಳಿಯಲು, ತಂಗಿಯ ರಕ್ತದಿಂದ ತೆಗೆದ ತಿಳಿ, ಅಂದರೆ ಸೀರಂ, ಮತ್ತು ಮನುಷ್ಯರ ಪ್ಲೇಟ್‌ಲೆಟ್ ಈಗ ಎರಡು ಗೂಡಿನ ಇಲಿಗಳ ಮೈಯಲ್ಲಿ ಹರಿಯುತ್ತಿವೆ. ಒಂದೊಂದು ಗೂಡಿಗೆ ಒಂದೊಂದು ಮಾತ್ರೆಯ ಔಷಧ. ಹಸಿರು ಚೀಟಿ, ಹಳದಿ ಚೀಟಿ. ಯಾವುದು ಯಾವುದೆಂದು ಇಲಿಯಕ್ಕನಿಗೆ ತಿಳಿಯದು.

"ಹೇಳಬೇಡಿ ಅಂತ ನಾನೇ ಅಂದೆ. ಗೊತ್ತಾದ್ರೆ ಕೈ ಒಂದು ಕಡೆ ವಾಲುತ್ತೆ. ಒಂದನ್ನ ಹೂವಿನ ಹಾಗೆ ಎತ್ತುತ್ತೆ, ಇನ್ನೊಂದನ್ನ..."

ಇಲಿಗಳು ಪಾಪ ಅನಿಸುವುದಿಲ್ಲವೇ ಎಂದು ಒರಟಾಗಿಯೇ ಕೇಳುತ್ತೇನೆ.

"ಅನ್ಸುತ್ತೆ. ಅನ್ಸದೆ ಇರೋ ದಿನ ನನ್ನ ಕೈಗೆ ಈ ಕೊಳವೆ ಕೊಡಬಾರದು."

ಹೊತ್ತು ಏರುತ್ತದೆ. ಇಲಿಗಳ ರಕ್ತ ಪರೀಕ್ಷೆ ಮುಗಿಸಿದ ಪ್ರಯೋಗಾಲಯದ ಡಾಕ್ಟರಮ್ಮ ನನ್ನ ಪಕ್ಕಕ್ಕೆ ಬಂದು ಮೈಕು ಹಿಡಿಯುತ್ತಾರೆ. "ಅಕ್ಕಾ, ಹಳದಿ ಗೂಡಲ್ಲಿ ಪ್ಲೇಟ್‌ಲೆಟ್ ಪೂರ್ತಿ ಖಾಲಿ. ಹಸಿರಲ್ಲಿ ಹಾಗೇ ಇವೆ."

"ಹಸಿರು ಯಾವ್ದು ಮೇಡಂ?"

"ಮೂರ್ಛೆ ಮಾತ್ರೆ. ಅದರದ್ದೇನೂ ತಪ್ಪಿಲ್ಲ. ನಿಮ್ಮ ತಂಗೀನ ನೋಡೋ ಡಾಕ್ಟ್ರಿಗೆ ಹೇಳಿದೀನಿ. ಆಸ್ಪತ್ರೆಯಲ್ಲೇ ಇಟ್ಕೊಂಡು, ರಕ್ತ ನೋಡ್ತಾ ನೋಡ್ತಾ ಮತ್ತೆ ಶುರು ಮಾಡ್ತಾರಂತೆ."

ಇಲಿಯಕ್ಕ ಕುಣಿಯುವುದಿಲ್ಲ. ಹಳದಿ ಗೂಡಿನೊಳಗೆ ಕೊಳವೆ ಇಟ್ಟು ಕಾಯುತ್ತಾರೆ. ಇಲಿಗಳನ್ನು ಒಂದೊಂದಾಗಿ ಹೊಸ ಹೊಟ್ಟಿಗೆ ಇಳಿಸುತ್ತಾರೆ, ಇನ್ನೂ ಮೆಲ್ಲಗೆ. ಆಮೇಲೆ ಗಾಜಿನ ಹತ್ತಿರ ಬರುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಅವಳು ಚಿಲಕ ಹಾಕ್ಕೊಂಡು ಗಂಟೆಗಟ್ಲೆ ಸ್ನಾನ ಮಾಡ್ಲಿ. ನಾನು ಬಾಗಿಲು ಬಡಿದು, 'ನೀರೆಲ್ಲ ಮುಗಿಸ್ತೀಯೇನೇ, ಆಚೆ ಬಾರೇ' ಅಂತ ಬೈಬೇಕು."