ಪಂದ್ಯದ ಹುಂಜದ ರಕ್ತ ಪರೀಕ್ಷೆ

೧೯೭೪ರಲ್ಲಿ ನನ್ನನ್ನು ಹಿರಿಯೂರಿನ ಪಶು ಆಸ್ಪತ್ರೆಗೆ ವರ್ಗ ಮಾಡಿದರು. ಶಿವರಾತ್ರಿ ಮುಗಿದು, ಚಳಿ ಶಿವಶಿವಾ ಎಂದು ಹೊರಟುಹೋಗಿ, ಬಿಸಿಲು ಕಾಲಿಟ್ಟಿದ್ದ ವಾರ ಅದು. ನನಗಿಂತ ಮೊದಲು ಅಲ್ಲಿ ಕೆಲವು ತಿಂಗಳು ಡಾಕ್ಟರೇ ಇರಲಿಲ್ಲ. ಕುರಿಗಳ ಸೀಮೆಗೆ ಹೋಗುತ್ತಿದ್ದೇನೆಂದು ನಾನು ಕುರಿಯ ಕಾಯಿಲೆಗಳನ್ನೆಲ್ಲ ಮತ್ತೊಮ್ಮೆ ಓದಿ ತಯಾರಾಗಿದ್ದೆ. ಮೊದಲು ಬಂದ ದೊಡ್ಡ ಕೇಸು ಕೋಳಿಯದು.

ತಂದವಳು ಹರಿಯಬ್ಬೆ ಕಡೆಯ ಕೆಂಚಮ್ಮ. ಅವಳ ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರಿಗೆ ಬರುವವನಲ್ಲ. ಆ ಒಂಟಿ ದಿನಗಳಲ್ಲಿ ಅವಳು ವೈಟ್ ಲೆಗ್‌ಹಾರ್ನ್ ಎಂಬ ಬಿಳಿ ಫಾರಂ ಕೋಳಿಯ ಮರಿಗಳನ್ನು ತಂದು, ಸಾಕಿ, ಮೊಟ್ಟೆಗೆ ತಂದಿದ್ದಳು. "ಕುರಿ ಅವರ್ದು ಸಾರ್, ಕೋಳಿ ನಂದು" ಎಂದಳು. ಆ ಮಾತಿನಲ್ಲಿದ್ದ ಹೆಮ್ಮೆ ನನಗೆ ಬಹಳ ಹಿಡಿಸಿತು. ಆದರೆ ಕೈಯಲ್ಲಿದ್ದ ಕೋಳಿಯ ಜುಟ್ಟು ಮಾತ್ರ ಸೋರೆಕಾಯಿಯ ತಿರುಳಿನಂತೆ ಬಿಳಿಚಿತ್ತು. ಮೊಟ್ಟೆ ಅರ್ಧಕ್ಕಿಳಿದಿತ್ತು. ಕೋಳಿಯ ಜೊತೆಗೆ ಅವಳು ಒಂದು ಕಾಗದವನ್ನೂ ಮೇಜಿನ ಮೇಲಿಟ್ಟಳು.

ಡಾಕ್ಟರಿಲ್ಲದ ದಿನಗಳಲ್ಲಿ, ಬಸ್ ಕಂಡಕ್ಟರಾಗಿದ್ದ ಅವಳ ತಮ್ಮ ಒಂದು ಕೋಳಿಯನ್ನು ಚಿತ್ರದುರ್ಗಕ್ಕೆ ಒಯ್ದು, ಮನುಷ್ಯರ ರಕ್ತ ನೋಡುವ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದ. ಬಿಳಿ ರಕ್ತಕಣಗಳು ಮಿತಿಮೀರಿವೆ, ಲ್ಯುಕೀಮಿಯಾ ಇರಬಹುದು ಎಂದು ಕಾಗದ ಹೇಳುತ್ತಿತ್ತು. ಊರಿನಲ್ಲಿ ಯಾರೋ ಅದನ್ನು ಓದಿ 'ರಕ್ತದ ಕ್ಯಾನ್ಸರ್' ಎಂದು ಅರ್ಥ ಹೇಳಿದರು. ಅಲ್ಲಿಗೆ ಮುಗಿಯಿತು. ಅವಳ ಮೊಟ್ಟೆ ಮುಟ್ಟುವವರಿಲ್ಲ, ಅವಳ ಮನೆಯ ಮುಂದೆ ಮಕ್ಕಳನ್ನು ಬಿಡುವವರಿಲ್ಲ. ಉಗಾದಿಯೊಳಗೆ ಕೋಳಿಗಳನ್ನೆಲ್ಲ ಸುಟ್ಟುಹಾಕಬೇಕೆಂದು ಊರಿನವರು ತೀರ್ಮಾನ ಮಾಡಿದ್ದರು.

ಕಾಗದ ನೋಡಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ಕಾರಣ ಹೇಳುತ್ತೇನೆ. ಮನುಷ್ಯರ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್, ಅಂದರೆ ನಡುವಿನ ತಿರುಳು, ಇರುವುದಿಲ್ಲ. ಬಿಳಿ ಕಣಗಳನ್ನು ಎಣಿಸಬೇಕಾದಾಗ ರಕ್ತಕ್ಕೆ ಒಂದು ದ್ರಾವಣ ಬೆರೆಸುತ್ತಾರೆ. ಕೆಂಪು ಕಣಗಳು ಒಡೆದು ಮಾಯವಾಗುತ್ತವೆ, ಉಳಿದ ಬಿಳಿ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತಾರೆ. ಕೋಳಿಯದು ಹಾಗಲ್ಲ. ನಾಟಿಯಾಗಲಿ ಫಾರಂ ಕೋಳಿಯಾಗಲಿ, ಅದರ ಕೆಂಪು ಕಣ ಮೊಟ್ಟೆಯಾಕಾರದ್ದು, ನಡುವೆ ತಿರುಳಿರುತ್ತದೆ. ಅದೇ ದ್ರಾವಣ ಹಾಕಿದರೆ ಕಣ ಒಡೆದರೂ ತಿರುಳು ಉಳಿಯುತ್ತದೆ. ನೋಡುವವರಿಗೆ ಅವೆಲ್ಲ ಬಿಳಿ ಕಣಗಳಂತೆಯೇ ಕಾಣುತ್ತವೆ. ಲ್ಯಾಬಿನವರನ್ನು ನಾನು ಬೈಯಲಾರೆ, ಅವರು ಕೂತದ್ದು ಮನುಷ್ಯರ ರಕ್ತ ನೋಡಲು.

ಇದನ್ನೇ ಊರಿಗೆ ಹೋಗಿ ಹೇಳಿದೆ. ಬೇವಿನ ಮರದ ಕೆಳಗೆ ನೆಲದ ಮೇಲೆ ಕಣದ ಚಿತ್ರವನ್ನೂ ಬರೆದು ತೋರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು. ಕೊನೆಗೆ ಓಬಳಪ್ಪ ಎಂಬಾತ ಹೆಗಲ ಮೇಲಿನ ಟವೆಲ್ ಕೊಡವಿ, "ನೀವು ಹೇಳಾದು ಬಾಯಿ ಮಾತು ಸಾರ್. ಅದು ಅಚ್ಚಾಗಿ ಬಂದೈತೆ" ಎಂದ. ಕೋಳಿ ಸುಡಬೇಕೆಂದು ಎಲ್ಲರಿಗಿಂತ ಜೋರು ಮಾಡುತ್ತಿದ್ದವನು ಅವನೇ. ಅವನ ಬಳಿ ಒಂದು ಪಂದ್ಯದ ಹುಂಜವಿತ್ತು, ಅಸೀಲ್ ತಳಿಯದು, ಉದ್ದ ಕತ್ತು, ಕಂಬದಂಥ ಕಾಲು. ಕೆಂಚಮ್ಮನ ಕೋಳಿಗಳಿಂದ ಅದಕ್ಕೆ ಕಾಯಿಲೆ ಅಂಟೀತೆಂಬುದೇ ಅವನ ಭಯ. ಇನ್ನೊಬ್ಬ, ಫಾರಂ ಕೋಳಿಯ ರಕ್ತವೇ ಕೆಟ್ಟದ್ದು, ನಮ್ಮ ನಾಟಿ ಕೋಳಿಗೆ ಇಂಥದ್ದೆಲ್ಲ ಬರುವುದಿಲ್ಲ ಎಂದ.

ನನ್ನ ಪದವಿ, ನನ್ನ ಕೋಟು, ನನ್ನ ಚಿತ್ರ ಯಾವುದೂ ಆ ಕಾಗದದ ಮುಂದೆ ನಡೆಯಲಿಲ್ಲ. ಸ್ವಲ್ಪ ಅವಮಾನವಾಯಿತು, ನಿಜ. ಬಸ್ಸಿಗೆ ಕಾಯುತ್ತಾ ಕೂತಾಗ ಬೇರೆ ದಾರಿ ಹೊಳೆಯಿತು. ಕಾಗದವನ್ನು ನಂಬುವವರಿಗೆ ಕಾಗದದಿಂದಲೇ ಉತ್ತರ ಕೊಡಬೇಕು. ಮತ್ತೆ ಬೇವಿನ ಮರದಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಈ ಊರಿನಲ್ಲಿ ಯಾವ ಕಾಯಿಲೆಯೂ ಇಲ್ಲವೆಂದು ಎಲ್ಲರೂ ಒಪ್ಪುವ ಕೋಳಿ ಯಾವುದು? ಎಲ್ಲರೂ ಓಬಳಪ್ಪನ ಕಡೆ ತಿರುಗಿದರು. ಅವನು ಮೀಸೆಯ ಮೇಲೆ ಕೈ ಹಾಕಿದ. ಅದರ ರಕ್ತ ಬೇಕು ಎಂದಾಗ ಮೀಸೆಯಿಂದ ಕೈ ಇಳಿಯಿತು.

"ಪಂದ್ಯಕ್ಕೆ ಮುಂಚೆ ರಕ್ತ ತೆಗೆದ್ರೆ ಹುಂಜದ ಪೌರುಷ ಇಳಿತೈತೆ ಸಾರ್. ಆಗಾಕಿಲ್ಲ" ಎಂದು ಎದ್ದು ನಿಂತ.

ಅಷ್ಟು ದಿನ ತಲೆ ತಗ್ಗಿಸಿಕೊಂಡೇ ಇದ್ದ ಕೆಂಚಮ್ಮ ಆಗ ಬಾಯಿ ತೆರೆದಳು. "ಓಬಳಣ್ಣ, ನನ್ನ ಕೋಳೀನೆಲ್ಲ ಬೆಂಕಿಗೆ ಹಾಕು ಅಂತೀಯ. ನಿನ್ನ ಹುಂಜದ್ದು ಒಂದು ಹನಿ ಕೇಳಿದ್ರೆ ಎದ್ದು ಹೊಂಟೆಯಲ್ಲ!"

ಜನ ಮುಸಿಮುಸಿ ನಕ್ಕರು. ಓಬಳಪ್ಪ ಮನೆಗೆ ಹೋಗಿ ಹುಂಜ ತಂದ. ತಾನೇ ತೊಡೆಯ ಮೇಲೆ ಮಲಗಿಸಿ, ರೆಕ್ಕೆ ಬಿಡಿಸಿ ಹಿಡಿದ. ನಾನು ರೆಕ್ಕೆಯ ನರಕ್ಕೆ ಸೂಜಿ ಇಡುವಾಗ ಹುಂಜ ಅಲುಗಲಿಲ್ಲ. ಓಬಳಪ್ಪ ಮಾತ್ರ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸಿದ್ದ.

ಅದೊಂದೇ ಸಾಲದು. ಅದೇ ಊರಿನ ಒಂದು ನಾಟಿ ಕೋಳಿಯ ರಕ್ತ ತೆಗೆದೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆ ಒಬ್ಬ ರೈತರ ಲೆಗ್‌ಹಾರ್ನ್‌ಗಳು ಚೆನ್ನಾಗಿ ಮೊಟ್ಟೆಯಿಡುತ್ತಿದ್ದವು, ಹೊಸದುರ್ಗದಲ್ಲಿ ಒಬ್ಬರ ಮನೆಯಲ್ಲಿ ರೋಡ್ ಐಲೆಂಡ್ ರೆಡ್ ಎಂಬ ಕೆಂಪು ಕೋಳಿಗಳಿದ್ದವು. ಅಲ್ಲಿಗೂ ಬಸ್ಸಿನಲ್ಲಿ ಅಲೆದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಹಾಕಿದ ಸೀಸೆಗಳಲ್ಲಿ ಎಲ್ಲವನ್ನೂ ತಂದು ಎರಡು ಪಾಲು ಮಾಡಿದೆ. ಒಂದು ಪಾಲು, ಬರೀ ನಂಬರು ಹಚ್ಚಿ, ಕೆಂಚಮ್ಮನ ತಮ್ಮನ ಕೈಯಲ್ಲಿ ಅದೇ ಲ್ಯಾಬಿಗೆ ಹೋಯಿತು. ಇನ್ನೊಂದು, ಕೆಂಚಮ್ಮನ ಕೋಳಿಗಳಿಂದ ತೆಗೆದ ರಕ್ತದ ಜೊತೆ, ನನ್ನ ಬಳಿ ಉಳಿಯಿತು.

ಲ್ಯಾಬಿನ ಉತ್ತರವನ್ನು ಊರಿನವರ ಎದುರಿಗೇ ಒಡೆದೆ. ನಾಟಿಗೂ ಅದೇ, ಹೊಳಲ್ಕೆರೆಯದಕ್ಕೂ ಅದೇ, ಹೊಸದುರ್ಗದ ಕೆಂಪು ಕೋಳಿಗೂ ಅದೇ: ಬಿಳಿ ಕಣ ಮಿತಿಮೀರಿದೆ, ಲ್ಯುಕೀಮಿಯಾ ಇರಬಹುದು. ಹುಂಜದ ನಂಬರಿನ ಕಾಗದವನ್ನು ಕೊನೆಗೆ ಓದಿದೆ. ಅದರಲ್ಲೂ ಅದೇ ಇತ್ತು.

"ಹಂಗಾರೆ ಹುಂಜಾನೂ ಸುಡಾಣೇನಪ್ಪ?" ಎಂದು ಗುಂಪಿನಿಂದ ಯಾರೋ ಕೆಣಕಿದರು.

ಓಬಳಪ್ಪ ಕೆಂಡವಾದ. "ಲೇ, ನನ್ನ ಹುಂಜಕ್ಕೆ ಕ್ಯಾನ್ಸರಾ? ಈ ಕಾಗ್ದಕ್ಕೇ ಬಡಿದೈತೆ ಕಾಯಿಲೆ!" ಕೆಂಚಮ್ಮನ ಕಡೆ ನೋಡಿದ. ಆಮೇಲೆ ಮೆತ್ತಗೆ, "ಹುಂಜದ್ದು ಸುಳ್ಳು ಅಂದ್ಮೇಲೆ ಕೋಳೀದೂ ಸುಳ್ಳೇ ಕಣವ್ವ" ಎಂದ.

ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಗೆದ್ದೆನೆಂದು ಬೀಗುವಂತಿರಲಿಲ್ಲ. ಕ್ಯಾನ್ಸರ್ ಸುಳ್ಳು, ಬಿಳಿಚಿದ ಜುಟ್ಟು ಸುಳ್ಳಲ್ಲ. ಕೋಳಿಗಳು ಸೊರಗುತ್ತಲೇ ಇದ್ದವು. ಹೀಗೇ ಬಿಟ್ಟರೆ ಬೆಂಕಿಯ ಅಗತ್ಯವೇ ಇಲ್ಲದೆ ಅವಳ ಗೂಡು ಖಾಲಿಯಾಗುತ್ತಿತ್ತು.

ನನ್ನ ಪಾಲಿನ ರಕ್ತ ಕೆಲಸಕ್ಕೆ ಬಂದದ್ದು ಇಲ್ಲಿ. ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜ್‌ನಲ್ಲಿ ರಕ್ತದ ನಳಿಕೆಗಳನ್ನಿಟ್ಟು ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ರಕ್ತದಲ್ಲಿ ಅವುಗಳ ಪಾಲೆಷ್ಟೆಂದು ಅಳೆಯಬಹುದು. ಓಬಳಪ್ಪನ ಹುಂಜದ್ದು ನೂರಕ್ಕೆ ನಲವತ್ತರ ಹತ್ತಿರ ಬಂತು. ಹುಂಜಗಳಲ್ಲಿ ಹೇಟೆಗಿಂತ, ಅಂದರೆ ಹೆಣ್ಣು ಕೋಳಿಗಿಂತ, ಹೆಚ್ಚಿರುವುದು ಸಹಜ. ನಾಟಿ ಹೇಟೆ ಮತ್ತು ಹೊಸದುರ್ಗದ ಕೆಂಪು ಕೋಳಿ ಮೂವತ್ತು ದಾಟಿದವು. ಹೊಳಲ್ಕೆರೆಯ ಲೆಗ್‌ಹಾರ್ನ್ ಮೂವತ್ತಕ್ಕೆ ತುಸು ಕಡಿಮೆ. ಬಿಳಿ ಕಣಗಳಲ್ಲಿ ಯಾವ ಬಗೆಯದು ಎಷ್ಟು ಎಂಬುದೂ ತಳಿಯಿಂದ ತಳಿಗೆ ಅಷ್ಟಿಷ್ಟು ಬೇರೆಯಿತ್ತು. ಕೆಂಚಮ್ಮನ ಲೆಗ್‌ಹಾರ್ನ್‌ಗಳು ಮಾತ್ರ ಇಪ್ಪತ್ತನ್ನೂ ಮುಟ್ಟಲಿಲ್ಲ. ಇದು ತಳಿಯ ಗುಣವಾಗಿದ್ದರೆ ಹೊಳಲ್ಕೆರೆಯದೂ ಹಾಗೆಯೇ ಇರಬೇಕಿತ್ತಲ್ಲ?

ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ನೋಡಿದಾಗ ಮನಸ್ಸು ಹಗುರವಾಯಿತು. ಅವಳ ಕೋಳಿಗಳ ರಕ್ತದ ತುಂಬ ಎಳೆಯ ಕೆಂಪು ಕಣಗಳು, ಪೂರ್ತಿ ಬಲಿಯದ, ನೀಲಿ ಛಾಯೆಯವು. ಮೈ ಹೊಸ ರಕ್ತ ಮಾಡಲು ಹೆಣಗುತ್ತಿದೆ ಎಂದರ್ಥ. ರಕ್ತ ಹುಟ್ಟುತ್ತಿದೆ, ಎಲ್ಲೋ ಸೋರಿಹೋಗುತ್ತಿದೆ. ಸೋರುವ ಜಾಗ ಮುಚ್ಚಿದರೆ ಕೋಳಿಗಳು ಉಳಿಯುತ್ತವೆ.

ಹಿಕ್ಕೆ ನೋಡಿದೆ, ಹೊಟ್ಟೆಹುಳು ಹೇಳಿಕೊಳ್ಳುವಷ್ಟಿರಲಿಲ್ಲ. ಮತ್ತೆ ಹರಿಯಬ್ಬೆಯ ದಾರಿ ಹಿಡಿದೆ. ಕೋಳಿಮನೆಯನ್ನು ಕೆಂಚಮ್ಮ ಗಿಡ್ಡ ಮಣ್ಣುಗೋಡೆಯ ಮೇಲೆ ಹಳೇ ಬಾಗಿಲ ಹಲಗೆ, ಮುರಿದ ಗಾಡಿಯ ಪಟ್ಟಿಗಳನ್ನು ಜೋಡಿಸಿ ಕಟ್ಟಿದ್ದಳು. ಹಲಗೆಗಳ ತುಂಬ ಬಿರುಕು. ನಾನು ಚಾಕುವಿನಿಂದ ಕೆದಕುವುದನ್ನು ನೋಡಿ ಓಬಳಪ್ಪ, "ಬಿಡ್ರಿ ಸಾರ್, ಹಿಂಗೆ ಆಗಾಕಿಲ್ಲ" ಎಂದು ಮನೆಯಿಂದ ಹಾರೆ ತಂದು ಒಂದು ಪಟ್ಟಿಯನ್ನು ಮೀಟಿದ. ಅದರ ಹಿಂದೆ ಅಂಟಿಕೊಂಡಿದ್ದವು ಉಣುಗುಗಳು, ಹಲಸಂದೆ ಕಾಳಿನಷ್ಟು ಉದ್ದ, ಚಪ್ಪಟೆ, ನೂರಾರು. ಒಂದನ್ನು ಕಲ್ಲಿನಿಂದ ಅರೆದರೆ ಕಲ್ಲು ಕೆಂಪಾಯಿತು. ಕೋಳಿಯ ಉಣುಗು ಹಗಲು ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮರಳುತ್ತದೆ. ಹಗಲು ಕೋಳಿಯನ್ನು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಊರಿನ ನಾಟಿ ಕೋಳಿಗಳು ಮರ ಹತ್ತಿ ಮಲಗುತ್ತಿದ್ದವು. ಅವು ಉಳಿದದ್ದಕ್ಕೆ ಕಾರಣ ಜಾತಿಯಲ್ಲ, ಮಲಗುವ ಜಾಗ.

ಕೊನೆಗೆ ಊರಿನವರು ಬೆಂಕಿ ಹಚ್ಚಿದ್ದು ಹಲಗೆಗಳಿಗೆ. ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿದರು. ಕೋಳಿಗಳಿಗೆ ಉಣುಗಿನ ಔಷಧಿ ಹಚ್ಚಿ, ಬಿರುಕಿಲ್ಲದ ಕಬ್ಬಿಣದ ಕೊಳವೆಯ ಮೇಲೆ ಕೂರುವಂತೆ ಮಾಡಿಕೊಟ್ಟೆವು. ಉಗಾದಿಯ ಹೊತ್ತಿಗೆ ಜುಟ್ಟುಗಳಿಗೆ ಬಣ್ಣ ಬರತೊಡಗಿತ್ತು. ಮೊಟ್ಟೆ ನಿಧಾನವಾಗಿ ಏರಿತು, ಕೊಳ್ಳುವವರೂ ಬಂದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಂಚಮ್ಮ ಬುಟ್ಟಿ ಹೊತ್ತುಕೊಂಡು ಆಸ್ಪತ್ರೆಗೆ ಬಂದಳು. ಒಳಗೆ ಮೂರು ಲೆಗ್‌ಹಾರ್ನ್‌ಗಳು. ಮತ್ತೆ ಉಣುಗು ಹತ್ತಿತೇ ಎಂದುಕೊಂಡೆ. ಎತ್ತಿ ನೋಡಿದರೆ ಜುಟ್ಟು ದಾಸವಾಳದಷ್ಟು ಕೆಂಪು, ಮೈ ಗಟ್ಟಿ.

"ಏನಾಗಿದೆಯಮ್ಮ ಇವಕ್ಕೆ?" ಎಂದೆ.

"ಏನೂ ಆಗಿಲ್ಲ ಸಾರ್, ಚೆಂದಾಗಿ ಅವೆ. ಅದಕ್ಕೇ ತಂದಿದೀನಿ. ಈಗ ರಕ್ತ ನೋಡಿ ಬರ್ಕಳ್ರಿ. ನಾಳೆ ಕಾಯಿಲೆ ಬಂದ್ರೆ, ನಮ್ಮ ಕೋಳಿ ಚೆಂದಾಗಿದ್ದಾಗ ಹೆಂಗಿದ್ವು ಅಂತ ಯಾರನ್ನ ಕೇಳಾದು?"

ಕಾಲೇಜಿನಲ್ಲಿ ನಮಗೆ ಕಾಯಿಲೆಗಳ ಪಾಠವನ್ನೇ ಮಾಡಿದ್ದರು. ಆರೋಗ್ಯವೂ ಊರಿನಿಂದ ಊರಿಗೆ, ತಳಿಯಿಂದ ತಳಿಗೆ ಕಲಿಯಬೇಕಾದ ಪಾಠವೆಂದು ನನಗೆ ತಿಳಿದದ್ದು ಹಿರಿಯೂರಿನಲ್ಲಿ. ಆಮೇಲೆ ಎಲ್ಲಿಗೆ ವರ್ಗವಾದರೂ, ಮೊದಲ ವಾರ ನಾನು ಸೂಜಿ ಹಿಡಿದು ಹುಡುಕಿಕೊಂಡು ಹೋಗುತ್ತಿದ್ದುದು ಏನೂ ಆಗದ ಕೋಳಿಗಳನ್ನು.