ಸುರು ಆತೇನ್ರಿ?

ಇಯರ್‌ಫೋನಿನ ಒಂದು ತುದಿಯನ್ನಷ್ಟೇ ಕಿವಿಗಿಟ್ಟುಕೊಂಡು ಕೂರುವ ಕಲೆಯನ್ನು ನಾನು ಇಂಡಿ ಊರಿನ ಹೆರಿಗೆ ಆಸ್ಪತ್ರೆಯ ಕಟ್ಟೆಯ ಮೇಲೆ ಕಲಿತೆ ನೋಡಿ: ಎಡಗಿವಿ ಗಡಿಯ ಸುದ್ದಿಗೆ, ಬಲಗಿವಿ ಹೆರಿಗೆಗೆ. ಅಳಿಯ ಸೈನ್ಯದಲ್ಲಿದ್ದಾನೆ, ಟಿವಿಯವರೋ ಯುದ್ಧಕ್ಕೆ ದಿನವಿಡೀ ಮುಹೂರ್ತ ಇಡುತ್ತಿದ್ದರು. ಒಳಗೆ ಮಗಳು ರೇಣುಕಾ, ಇನ್ನೂ ದಿನ ತುಂಬದವಳು, ರಕ್ತದೊತ್ತಡ ಏರಿಸಿಕೊಂಡು ಮಲಗಿದ್ದಳು. ಬೇಗ ಹೆರಿಗೆಯಾಗದಿದ್ದರೆ ತಾಯಿಗೂ ಕೂಸಿಗೂ ಅಪಾಯವೆಂದು ಡಾಕ್ಟರಮ್ಮ ನೋವು ಬರಲು ಔಷಧ ಕೊಟ್ಟು, ಯುದ್ಧದ ಸುದ್ದಿ ಅವಳ ಕಿವಿಗೆ ಬೀಳಕೂಡದೆಂದು ಅಪ್ಪಣೆ ಮಾಡಿದ್ದರು. ಹೀಗಾಗಿ ಮನೆಮಂದಿಯ ಚಿಂತೆಯನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಿದ್ದೆ. ಈ ಕಸುಬಿನಲ್ಲಿ ನನಗೆ ಅನುಭವವುಂಟು. ಮೋಡವಿಲ್ಲದ ದಿನವೂ ಕೊಡೆ ಹಿಡಿದು ಹೊರಟು, ಅದೆಲ್ಲಿ ಕಳೆದೀತೋ ಎಂದು ಕೊರಗುವವನು ನಾನು.

ಸೊಸೆಯ ಹೆರಿಗೆಗೆಂದು ಅಗರಖೇಡದಿಂದ ಬಂದಿದ್ದ ಖೈರುನ್‌ಬಿ ಎಂಬ ಹಿರಿಯಾಕೆ ಪಕ್ಕದಲ್ಲಿ ಕೂತು, "ಸುರು ಆತೇನ್ರಿ ಯಣ್ಣಾ?" ಎಂದರು.

"ಇನ್ನೂ ಇಲ್ರಿ ಅವ್ವಾ. ಸಂಜೀಕ ಆಗ್ತೈತಿ ಅಂತ ದಿಲ್ಲಿಯವರು ಹೇಳಾಕತ್ತಾರ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಹುಡುಗಿ ಹೆರಿಗಿ ಬ್ಯಾನಿ ದಿಲ್ಲಿಯವರು ಹೇಳ್ಬೇಕೇನ್ರಿ?"

ಅಲ್ಲಿಂದ ಚಹಾದವನೂ ನನ್ನನ್ನು ದಿಲ್ಲಿ ಸಮಾಚಾರ ಕೇಳುವಂತಾಯಿತು. ನರ್ಸಬಾಯಿ ಕನಿಕರಪಟ್ಟು ನನ್ನ ರಕ್ತದೊತ್ತಡವನ್ನೂ ಅಳೆದು, ಮಗಳಿಗಿಂತ ಅಪ್ಪನದೇ ಜಾಸ್ತಿ, ಆದರೆ ಮಂಚ ಖಾಲಿಯಿಲ್ಲ ಎಂದಳು.

ನಮ್ಮ ಕಡೆ ಮಳೆಗೂ ನೋವಿಗೂ ಯುದ್ಧಕ್ಕೂ ಒಂದೇ 'ಸುರು'. ಒಂದು ಸುರುವಾಗಲಿ, ಇನ್ನೊಂದು ಸುರುವಾಗದಿರಲಿ ಎಂದು ಒಬ್ಬನೇ ದೇವರಿಗೆ ಒಂದೇ ಉಸಿರಿನಲ್ಲಿ ಅರ್ಜಿ ಹಾಕಿದ್ದೆ. ಆತ ಎಲ್ಲಿ ಅದಲುಬದಲು ಮಾಡಿಬಿಡುತ್ತಾನೋ ಎಂಬುದು ಮುಂದಿನ ಚಿಂತೆ.

ದೇವರು ಅಷ್ಟೇನೂ ಗಡಿಬಿಡಿಯವನಲ್ಲ. ಸಂಜೆ ಹೆಣ್ಣುಕೂಸು ಹುಟ್ಟಿತು. ಅತ್ತಿತು ಕೂಡ, ಆದರೆ ಬೆಕ್ಕಿನ ಮರಿಯಷ್ಟಿದ್ದ ಅದಕ್ಕೆ ಮೊಲೆ ಚೀಪುವ ಕಸುವಿರಲಿಲ್ಲ. ನಾಳೆಯೂ ಹೀಗೇ ಆದರೆ ವಿಜಯಪುರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದರು ಡಾಕ್ಟರಮ್ಮ. ರೇಣುಕಾ ಮೈಶಾಖ ತಾಗಲೆಂದು ಕೂಸನ್ನು ಬರಿ ಎದೆಗೆ ಕಟ್ಟಿಕೊಂಡು ಮಲಗಿದಳು.

ಮರುದಿನ ಮಧ್ಯಾಹ್ನ ಅಳಿಯನ ಫೋನು ಬಂತು. ಇಲ್ಲೆಲ್ಲ ಆರಾಮ ಎಂದು ನಾನೆಂದೆ, ಅಲ್ಲೆಲ್ಲ ಆರಾಮ ಎಂದು ಅವನೆಂದ. ಸುಳ್ಳಿನಲ್ಲಿ ಮಾವ ಅಳಿಯ ಸಮಬಲರು. ರೇಣುಕಾ ಪರದೆಯಾಚೆಯಿಂದ ಕೈಚಾಚಿ ಫೋನು ಇಸಿದುಕೊಂಡಳು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಅವನ ಗಾಬರಿಯ ದನಿ: "ಏನದು, ಚಪ್ ಚಪ್ ಸಪ್ಪಳ?"

"ನಿಮ್ಮ ಮಗಳ್ರಿ. ಹಾಲು ಕುಡಿಯಾಕತ್ತಾಳ. ಸುಮ್ನ ಕೇಳ್ರಿ."

ಅವನು ಕೇಳಿದ. ನೆಟ್‌ವರ್ಕ್ ಹೋಗುವವರೆಗೂ ಕೇಳಿದ.